ಫಿಲ್ಮ್ ಜೊತೆ ಸಿ.ಡಿ.ಯನ್ನೂ ಕೇಳಿ

ತೆಂಗಿನ ಮರದಿಂದ ಬಿದ್ದವರಿಗೆ ಪೆಟ್ಟಾಗುವುದು ಹೆಚ್ಚಾಗಿ ಬೆನ್ನುಮೂಳೆಗೆ, ಸೊಂಟಕ್ಕೆ, ಇಲ್ಲವೇ ತಲೆಗೆ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರು ಗಾಯಾಳುವನ್ನು ತುಮಕೂರಿಗೆ ಸಾಗಿಸುತ್ತಾರೆ. ತುರುವೇಕೆರೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಯೂ ಹತ್ತಿರವೇ. ಅಲ್ಲಿಂದ ಬೆಂಗಳೂರಿಗೆ ಬರೆದುಕೊಟ್ಟರೆ ಮನೆಯವರು ಕಂಕುಳಲ್ಲಿ ಜೋಪಾನವಾಗಿ ಇಟ್ಟುಕೊಂಡು ಹೋಗುವುದು ದೊಡ್ಡ ಲಕೋಟೆಯಲ್ಲಿರುವ ಸಿ.ಟಿ. ಸ್ಕ್ಯಾನ್ ಫಿಲ್ಮನ್ನು. ಮುರಿದ ಮೂಳೆಯನ್ನು ಕಂಪ್ಯೂಟರಿನಲ್ಲಿ ಎಲ್ಲ ಮಗ್ಗುಲಿಂದಲೂ ತಿರುಗಿಸಿ ನೋಡಬೇಕೆಂದರೆ ಆ ಫಿಲ್ಮು ಸಾಲದು. ಅದಕ್ಕೆ ಸ್ಕ್ಯಾನಿನ ಅಂಕಿಗಳೇ ಬೇಕು. ಅವು ಸಿಗುವುದು ಸಿ.ಡಿ.ಯಲ್ಲಿ.

ಸಿ.ಟಿ. ಯಂತ್ರ ದೇಹವನ್ನು ಪದರ ಪದರವಾಗಿ ಅಳೆಯುತ್ತದೆ. ಒಂದೊಂದು ಪದರದಲ್ಲೂ ಸಾಮಾನ್ಯವಾಗಿ 512ಕ್ಕೆ 512 ಮನೆಗಳು, ಮನೆಗೊಂದು ಸಂಖ್ಯೆ. ಆ ಜಾಗ ಎಕ್ಸ್-ರೇಯನ್ನು ಎಷ್ಟು ತಡೆಯಿತು ಎಂಬ ಲೆಕ್ಕ ಅದು. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಸಾವಿರದ ಆಚೀಚೆ. ಸಿ.ಟಿ. ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹೆಸರೇ ಈ ಅಳತೆಗೂ ಇದೆ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 1971ರಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ನಡೆಯಿತು. ಸಿ.ಟಿ.ಗಾಗಿ 1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೂ ವಿಜ್ಞಾನಿ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು.

ನಮ್ಮ ತೆಂಗಿನಕಾಯಿಯನ್ನೇ ಯಂತ್ರದೊಳಗೆ ಇಟ್ಟೆವು ಎನ್ನಿ. ಮಟ್ಟೆ, ಚಿಪ್ಪು, ತಿರುಳು, ನೀರು, ಒಳಗಿನ ಗಾಳಿ ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಬರುತ್ತದೆ. 'ಈ ಸಂಖ್ಯೆಗಿಂತ ಮೇಲಿನದ್ದನ್ನು ಮಾತ್ರ ತೋರಿಸು' ಎಂದರೆ ಮಟ್ಟೆ ಮಾಯವಾಗಿ ಚಿಪ್ಪು ನಿಲ್ಲುತ್ತದೆ. ಸಂಖ್ಯೆ ಇಳಿಸಿದರೆ ಮಟ್ಟೆ ಸಮೇತ ಇಡೀ ಕಾಯಿ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ ನೀರು ಇಂಗಿದ ಕಾಯಿಯಾದರೆ, ಸೊನ್ನೆಯ ಹತ್ತಿರವಿದ್ದ ಜಾಗದಲ್ಲಿ ಮೈನಸ್ 1000ದ ಗಾಳಿ ಕಾಣಿಸುತ್ತದೆ.

ಹೀಗೆ ಆರಿಸಿದ ಸಂಖ್ಯೆಯಿಂದ ಮೇಲ್ಮೈ ಕಟ್ಟುವ ವಿಧಾನವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಲೊರೆನ್ಸನ್ ಮತ್ತು ಹಾರ್ವಿ ಕ್ಲೈನ್ 1987ರಲ್ಲಿ ಪ್ರಕಟಿಸಿದರು. ಹೆಸರು ಮಾರ್ಚಿಂಗ್ ಕ್ಯೂಬ್ಸ್. ಅಕ್ಕಪಕ್ಕದ ಎಂಟು ಸಂಖ್ಯೆಗಳನ್ನು ಒಂದು ಪುಟ್ಟ ಘನದ ಎಂಟು ಮೂಲೆಗಳೆಂದು ಹಿಡಿಯಬೇಕು. ಪ್ರತಿ ಮೂಲೆಯೂ ಆರಿಸಿದ ಸಂಖ್ಯೆಗಿಂತ ಮೇಲೆ ಅಥವಾ ಕೆಳಗೆ. ಒಟ್ಟು 256 ಸಾಧ್ಯತೆ. ತಿರುಗಿಸಿ, ಅದಲು ಬದಲು ಮಾಡಿ ನೋಡಿದರೆ ಉಳಿಯುವುದು 15 ಮಾದರಿ. ಒಂದು ಮೂಲೆಯಲ್ಲಿ 100, ಪಕ್ಕದ ಮೂಲೆಯಲ್ಲಿ 300 ಇದ್ದು, ನಾವು ಆರಿಸಿದ್ದು 250 ಆದರೆ, ಮೇಲ್ಮೈ ಆ ಅಂಚನ್ನು ಮುಕ್ಕಾಲು ದೂರದಲ್ಲಿ ದಾಟುತ್ತದೆ. ಅಂಥ ಬಿಂದುಗಳನ್ನು ತ್ರಿಕೋನಗಳಾಗಿ ಜೋಡಿಸುತ್ತ, ಘನದಿಂದ ಘನಕ್ಕೆ ಸಾಗುತ್ತ ಹೋದರೆ ತಲೆಬುರುಡೆ ಮೂಡುತ್ತದೆ. ಎಷ್ಟು ಸರಳ, ಎಷ್ಟು ಸೊಗಸು! ಇದರ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಲ್ಲ ವಿದ್ಯಾರ್ಥಿ ಉಚಿತವಾಗಿ ಸಿಗುವ ಪೈಡೈಕಾಂ, ವಿಟಿಕೆ ತಂತ್ರಾಂಶಗಳನ್ನು ಬಳಸಿ ಹತ್ತಿಪ್ಪತ್ತು ಸಾಲುಗಳಲ್ಲಿ ಇದನ್ನು ಮಾಡಬಲ್ಲ.

ಎಡವುವುದು ಬೇರೆ ಕಡೆ. ಪದರದೊಳಗಿನ ಮನೆಗಳ ಅಂತರ ಅರ್ಧ ಮಿಲಿಮೀಟರ್, ಪದರಗಳ ನಡುವಿನ ಅಂತರ 5 ಮಿಲಿಮೀಟರ್ ಇದ್ದು, ಕೋಡಿಗೆ ಅದನ್ನು ಹೇಳದೆ ಹೋದರೆ ತಲೆಬುರುಡೆ ಹತ್ತನೇ ಒಂದು ಪಾಲಿಗೆ ಚಪ್ಪಟೆಯಾಗುತ್ತದೆ. ಹೇಳಿದರೂ ದಪ್ಪ ಪದರಗಳಿಂದ ಮೆಟ್ಟಿಲು ಮೆಟ್ಟಿಲಾದ ಮೂಳೆಯೇ ಬರುವುದು. ಸಂಖ್ಯೆ ತುಸು ಏರಿದರೆ ಕಣ್ಣುಗುಳಿಯ ತಳದ ತೆಳು ಮೂಳೆಯಲ್ಲಿ ಇಲ್ಲದ ತೂತು ಕಾಣುತ್ತದೆ. ಅಂದ ಹೆಚ್ಚಲೆಂದು ಮೇಲ್ಮೈ ನಯಗೊಳಿಸಿದರೆ ನಿಜವಾದ ಬಿರುಕೇ ಅಳಿಸಿಹೋಗಬಹುದು. ಅದಕ್ಕೇ ರೇಡಿಯಾಲಜಿಸ್ಟರು ಮೂಲ ಪದರಗಳನ್ನು ನೋಡದೆ ತೀರ್ಮಾನ ಹೇಳುವುದಿಲ್ಲ.

ಹಾಗಾದರೆ ಯಾವ ಸಂಖ್ಯೆ ಸರಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ವಿಜಯ್ ನಟರಾಜನ್ ಅವರ ಪ್ರಯೋಗಾಲಯ ಇದಕ್ಕೆ ಹತ್ತಿರದ ಪ್ರಶ್ನೆಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿದೆ. ಸಂಖ್ಯೆ ಬದಲಾದಂತೆ ಮೇಲ್ಮೈಯ ತುಣುಕುಗಳು ಎಲ್ಲಿ ಹುಟ್ಟುತ್ತವೆ, ಎಲ್ಲಿ ಕೂಡುತ್ತವೆ, ಎಲ್ಲಿ ಒಡೆಯುತ್ತವೆ ಎಂಬುದನ್ನು ಗಣಿತದಿಂದ ಗುರುತಿಸಿ ಇಡೀ ದತ್ತಾಂಶದ ನಕ್ಷೆ ಕೊಡುವ ವಿಧಾನಗಳು ಅವರವು. ಕಣ್ಣಂದಾಜಿನಲ್ಲಿ ಸಂಖ್ಯೆ ಹುಡುಕುವ ಕೆಲಸಕ್ಕೆ ಅದು ಆಧಾರ.

ತಿಪಟೂರಿನಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ನಮ್ಮ ಮಕ್ಕಳು ಪ್ರಾಜೆಕ್ಟಿಗೆ ಇಂಥ ವಿಷಯ ಹಿಡಿಯಲಿ ಎಂಬುದು ನನ್ನ ಆಸೆ. ಒಂದು ಎಚ್ಚರ ಇರಲಿ: ಸ್ಕ್ಯಾನ್ ಕಡತದೊಳಗೆ ರೋಗಿಯ ಹೆಸರು, ವಯಸ್ಸು ಎಲ್ಲ ಇರುತ್ತದೆ. ಒಪ್ಪಿಗೆ ಪಡೆದು, ಅವನ್ನು ತೆಗೆದುಹಾಕಿದ ಮೇಲಷ್ಟೇ ಅಭ್ಯಾಸಕ್ಕೆ ಬಳಸಬೇಕು.

ಮನೆಯವರಿಗೆ ನನ್ನ ವಿನಂತಿ ಇಷ್ಟು. ಡಿಸ್ಚಾರ್ಜ್ ಆಗುವಾಗ ಫಿಲ್ಮ್ ಜೊತೆ 'ತೆಳು ಪದರದ ಪೂರ್ತಿ ಸ್ಕ್ಯಾನ್ ಸಿ.ಡಿ.ಯಲ್ಲಿ ಹಾಕಿಕೊಡಿ' ಎಂದು ಕೇಳಿ. ರೋಗಿ ಕೇಳಿದ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಸಿ.ಡಿ. ಕೈಗೆ ಬಂದ ದಿನವೇ ಅದನ್ನು ಪೆನ್‌ಡ್ರೈವ್‌ಗೂ ನಕಲು ಮಾಡಿಸಿ ಇಟ್ಟುಕೊಳ್ಳಿ.