ಉದರದೊಳಗಿನ ನೀರಿನ ದಾರಿ

ಜಠರದಲ್ಲಾಗಲಿ ಅಂಡಾಶಯದಲ್ಲಾಗಲಿ ತಲೆದೋರಿದ ಅರ್ಬುದವು ರಕ್ತದೊಡನೆ ಸಾಗಿ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೆಲೆಯೂರುವುದನ್ನು ಅನೇಕರು ಕೇಳಿ ಬಲ್ಲರು. ಆದರೆ ಮೂಲಸ್ಥಾನದಿಂದ ಕಳಚಿಕೊಂಡ ಜೀವಕೋಶಗಳು ಯಾವ ನಾಳವನ್ನೂ ಆಶ್ರಯಿಸದೆ, ಉದರದ ಒಳಗೋಡೆಯನ್ನೂ ಅವಯವಗಳನ್ನೂ ಹೊದ್ದಿರುವ ಪೆರಿಟೋನಿಯಂ ಎಂಬ ನುಣುಪಾದ ಪೊರೆಯ ಮೇಲೆ, ಅಲ್ಲಿ ಸಹಜವಾಗಿಯೇ ಜಿನುಗುವ ಅಲ್ಪದ್ರವದಲ್ಲಿ ತೇಲಿ ಹರಡುವ ಇನ್ನೊಂದು ಬಗೆಯೂ ಉಂಟು.

ಈ ದ್ರವದ ಸಂಚಾರಕ್ಕೆ ಒಂದು ಕ್ರಮವಿದೆ. ತನ್ನ ಭಾರಕ್ಕೆ ಅದು ಕಿಬ್ಬೊಟ್ಟೆಯ ತಳಕ್ಕಿಳಿದು ತಂಗುವುದಾದರೂ, ಉಸಿರಿನೊಡನೆ ಏರಿಳಿಯುವ ವಪೆಯ ಸೆಳೆತಕ್ಕೆ ಸಿಕ್ಕಿ, ದೊಡ್ಡ ಕರುಳಿನ ಬಲಪಾರ್ಶ್ವದ ಕಾಲುವೆಯಲ್ಲಿ ಮತ್ತೆ ಮೇಲೇರಿ ಯಕೃತ್ತಿನ ನೆತ್ತಿಯನ್ನು ಮುಟ್ಟುತ್ತದೆ. ಎಡಗಡೆಯ ಕಾಲುವೆ ಕಿರಿದು, ಮೇಲ್ಗಡೆ ಪೊರೆಯ ಮಡಿಕೆಯೊಂದು ಅದನ್ನು ಅಡ್ಡಗಟ್ಟಿದೆ. 1970ರ ದಶಕದಲ್ಲಿ ಅಮೆರಿಕದ ರೇಡಿಯಾಲಜಿಸ್ಟ್ ಮಾರ್ಟನ್ ಮೇಯರ್ಸ್ ಈ ಹರಿವನ್ನು ಸವಿಸ್ತಾರವಾಗಿ ವಿವರಿಸಿದರು. ನುರಿತ ವೈದ್ಯರ ದೃಷ್ಟಿ ಇಂದಿಗೂ ಸಿ.ಟಿ. ಚಿತ್ರದಲ್ಲಿ ಈ ತಂಗುದಾಣಗಳನ್ನು ತಪ್ಪದೆ ಅರಸುತ್ತದೆ.

1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ, ಸಿ.ಟಿ.ಯನ್ನು ರೂಪಿಸಿದ ಎಂಜಿನಿಯರ್ ಹೌನ್ಸ್‌ಫೀಲ್ಡರ ಯಂತ್ರವು ಮೊದಲು ಚಿತ್ರಿಸಿದ್ದು ಮನುಷ್ಯನ ಮಿದುಳನ್ನು. ಉದರದ ಸರದಿ ಬಂದದ್ದು ಅನಂತರ. ಜಲೋದರ, ದಪ್ಪಗಟ್ಟಿದ ಪೊರೆ, ಕರುಳುಗಳ ಮುಂದೆ ಇಳಿಬಿದ್ದಿರುವ ಒಮೆಂಟಮ್ ಎಂಬ ಕೊಬ್ಬಿನ ಪರದೆಯಲ್ಲಿ ಮೂಡಿದ ಗಂಟುಗಳು, ಇವೆಲ್ಲ ಸಿ.ಟಿ.ಗೆ ಗೋಚರಿಸುತ್ತವೆ. ಸಾಸಿವೆಕಾಳಿನಷ್ಟು ಗಾತ್ರದ ಗಂಟುಗಳು ಮಾತ್ರ ಬಹುಮಟ್ಟಿಗೆ ಅದರ ಕಣ್ತಪ್ಪಿಸುತ್ತವೆ.

ಪೆಟ್ ಸ್ಕ್ಯಾನಿನ ಉಪಾಯ ಬೇರೆ. ಹಲವು ಗಂಟೆ ಉಪವಾಸವಿದ್ದು ಬಂದ ರೋಗಿಗೆ ವಿಕಿರಣಶೀಲ ಫ್ಲೋರಿನ್ ಬೆಸೆದ ಸಕ್ಕರೆಯಂಥ ದ್ರವ್ಯವನ್ನು ಚುಚ್ಚಿ, ಸುಮಾರು ಒಂದು ಗಂಟೆ ಅಲುಗಾಡದೆ ಮಲಗಿಸಿದರೆ, ಸಕ್ಕರೆಯನ್ನು ಹೆಚ್ಚಾಗಿ ಹೀರುವ ಅರ್ಬುದದ ತಾಣಗಳು ಚಿತ್ರದಲ್ಲಿ ಬೆಳಗುತ್ತವೆ. ಆದರೆ ಲೋಳೆ ತುಂಬಿದ ಗಡ್ಡೆಗಳೂ ಜಠರದ ಕೆಲವು ಅರ್ಬುದಗಳೂ ಈ ಆಮಿಷಕ್ಕೆ ಅಷ್ಟಾಗಿ ಒಲಿಯವು. ಮೂತ್ರಕೋಶವಂತೂ, ನಿರೋಗಿಯಾಗಿದ್ದರೂ, ಹೊಳೆಯುತ್ತದೆ! ಒತ್ತಾಗಿ ನೆರೆದ ಜೀವಕೋಶಗಳ ನಡುವೆ ನೀರಿನ ಅಣುಗಳ ಚಲನೆ ಕುಂಠಿತವಾಗುವುದನ್ನು ಗುರುತಿಸುವ ಎಂ.ಆರ್.ಐ. ವಿಧಾನವು ಕಿರಿಯ ಗಂಟುಗಳ ವಿಷಯದಲ್ಲಿ ಎಷ್ಟೋ ವೇಳೆ ಹೆಚ್ಚು ಉಪಕಾರಿ. ಕರುಳಿನ ಚಲನೆ ಅದಕ್ಕೊಂದು ತೊಡಕು.

ಚಿತ್ರದಲ್ಲಿ ಕಾಣದ ಮಾತ್ರಕ್ಕೆ ರೋಗ ಹರಡಿಲ್ಲವೆಂದು ಹೇಳಲಾಗದು. ನನ್ನ ಮಟ್ಟಿಗೆ, ರೋಗಿಯ ಮನೆಯವರಿಗೆ ವೈದ್ಯರು ಬಿಡಿಸಿ ಹೇಳಬೇಕಾದ ಸಂಗತಿಯೇ ಇದು. ಆದುದರಿಂದ ಸ್ಕ್ಯಾನ್ ನಿರ್ಮಲವಾಗಿದ್ದರೂ, ಜಠರದ ಮುಂದುವರಿದ ಅರ್ಬುದದಲ್ಲಿ ಶಸ್ತ್ರಕ್ರಿಯೆಗೆ ಮುನ್ನ ಲ್ಯಾಪರೋಸ್ಕೋಪನ್ನು ಇಳಿಸಿ ಪೊರೆಯನ್ನು ಕಣ್ಣಾರೆ ಕಾಣುವರು. ಉದರವನ್ನು ಲವಣಜಲದಿಂದ ತೊಳೆದು, ಆ ನೀರಿನಲ್ಲಿ ಅರ್ಬುದದ ಕೋಶಗಳಿವೆಯೇ ಎಂದು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವರು.