ಮೆಟ್ಟಿನ ಮೇಲೊಂದು ಜಾರು

ಬೆಳಗಾವಿಯಿಂದ ಗೋವೆಗೆ ಹೊರಟ ರಸ್ತೆ ಲೋಂಡಾ, ರಾಮನಗರ ದಾಟಿ ಜೋಯಿಡಾ ತಾಲ್ಲೂಕಿನ ಅನಮೋಡದಲ್ಲಿ ಘಟ್ಟ ಹಿಡಿಯುತ್ತದೆ. ಅಲ್ಲಿಂದ ಕಾಡಿನ ತಿರುವುಗಳಲ್ಲಿ ಇಳಿದರೆ ಮೊಲ್ಲೆಂ. ಘಟ್ಟದ ಕೆಳಗೆ ಬ್ಯಾಂಡು, ಗಿಟಾರುಗಳ ನಾಡು. ಘಟ್ಟದ ಮೇಲೆ, ಹಳಿಯಾಳದ ಆಚೆ, ಸಿತಾರಿನ ಧಾರವಾಡ. ಇನ್ನೊಂದು ದಿಕ್ಕಿಗೆ ಮುಂಡಗೋಡ. 1966ರಲ್ಲಿ ಅಲ್ಲಿ ನೆಲೆಯೂರಿದ ಟಿಬೆಟನ್ನರ ಪರಂಪರೆಯಲ್ಲಿ ಡ್ರಾನ್ಯೆನ್ ಎಂಬ ತಂತಿವಾದ್ಯವಿದೆ. ಅದರ ಉದ್ದನೆಯ ಕತ್ತಿನ ಮೇಲೆ ಮೆಟ್ಟುಗಳೇ (ಫ್ರೆಟ್) ಇಲ್ಲ. ಮೆಟ್ಟಿರುವ ವಾದ್ಯ, ಮೆಟ್ಟಿಲ್ಲದ ವಾದ್ಯ, ಮೆಟ್ಟಿದ್ದೂ ಜಾರುವ ವಾದ್ಯ ಮೂರೂ ಒಂದು ದಿನದ ಪ್ರಯಾಣದೊಳಗೆ ಸಿಗುವ ಸೀಮೆ ಇದು. ಬೇಸ್ ಗಿಟಾರ್ ನುಡಿಸುವವರನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ಆಸೆಯನ್ನು ಪರಿಚಯಿಸಲು ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ.

ಮೆಟ್ಟಿರುವ ಬೇಸ್‌ನಿಂದಲೇ ಮೆಟ್ಟಿಲ್ಲದ ಬೇಸ್‌ನ ದನಿ ಹೊರಡಿಸಬೇಕು ಎಂಬುದೇ ಆ ಆಸೆ.

ಬೇಸ್‌ಗೆ ಮೆಟ್ಟು ಬಂದದ್ದು ಅನುಕೂಲಕ್ಕಾಗಿ. ಅದಕ್ಕೂ ಮೊದಲು ಬ್ಯಾಂಡುಗಳಲ್ಲಿ ಆಳುದ್ದದ ಡಬಲ್ ಬೇಸ್ ಇತ್ತು. ಅದರಲ್ಲಿ ಸ್ವರದ ಜಾಗವನ್ನು ಕಿವಿಯೇ ಹುಡುಕಬೇಕಿತ್ತು. 1951ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಮೆಟ್ಟುಗಳಿರುವ ವಿದ್ಯುತ್ ಬೇಸ್ ತಂದಿತು. ಬೆರಳಿಟ್ಟಲ್ಲಿ ಸ್ವರ ಕರಾರುವಾಕ್ಕಾಗಿ ನಿಲ್ಲುತ್ತದೆಂದು ಅದಕ್ಕೆ ‘ಪ್ರಿಸಿಷನ್ ಬೇಸ್’ ಎಂದೇ ಹೆಸರಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೈಗಳು ಹಿಂದಕ್ಕೆ ಹೊರಳಿದವು. ಮುಂದೆ ರೋಲಿಂಗ್ ಸ್ಟೋನ್ಸ್ ಸೇರಿದ ಬಿಲ್ ವೈಮನ್ 1961ರಲ್ಲಿ ಹೊಸ ಮೆಟ್ಟು ಕೂರಿಸಲೆಂದು ತಮ್ಮ ಬೇಸ್‌ನ ಹಳೆಯ ಮೆಟ್ಟುಗಳನ್ನು ಕಿತ್ತರು. ಆ ಬರಿಯ ಮರದ ದನಿ ಇಷ್ಟವಾಗಿ ಹಾಗೆಯೇ ಉಳಿಸಿಕೊಂಡರು. 1970ರ ದಶಕದಲ್ಲಿ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಮೆಟ್ಟು ಕಿತ್ತ 1962ರ ಜಾಝ್ ಬೇಸ್ ಒಂದರ ಸೀಳುಗಳನ್ನು ಮುಚ್ಚಿ, ಮೇಲೆ ದೋಣಿಗೆ ಬಳಿಯುವ ಇಪಾಕ್ಸಿ ಬಳಿದರು. 1976ರ ಅವರ ಮೊದಲ ಆಲ್ಬಮ್ ಕೇಳಿದವರಿಗೆ ಬೇಸ್ ಹಾಡಬಲ್ಲದೆಂದು ತಿಳಿಯಿತು.

ಆ ದನಿಯ ಗುಟ್ಟೇನು? ಮೆಟ್ಟಿದ್ದಾಗ ತಂತಿ ಲೋಹದ ಅಂಚಿಗೆ ಖಡಕ್ಕಾಗಿ ತಾಗಿ ಅಲ್ಲಿಗೆ ಮುಗಿಯುತ್ತದೆ. ಮೆಟ್ಟಿಲ್ಲದಾಗ ತಂತಿಯ ಕೊನೆ ಬೆರಳ ಮೆತ್ತನೆಯ ಮಾಂಸದಡಿ ಇರುತ್ತದೆ. ಆದ್ದರಿಂದ ಚೂಪಾದ ಮೇಲ್ದನಿಗಳು ಬೇಗ ಅಡಗುತ್ತವೆ. ಜೊತೆಗೆ ತಂತಿ ಮರಕ್ಕೆ ತೀರ ಹತ್ತಿರದಲ್ಲಿ ಕಂಪಿಸುತ್ತ ಅದನ್ನು ಸವರುತ್ತ ಹೋಗುತ್ತದೆ. ಮೀಟಿದ ಕ್ಷಣಕ್ಕಿಂತ ತುಸು ತಡವಾಗಿ ‘ಮ್ವಾ’ ಎಂದು ಬಾಯಿ ತೆರೆದಂಥ ಸದ್ದು ಅರಳುವುದು ಇದರಿಂದ. ನಮ್ಮವರಿಗೆ ಇದು ಹೊಸದಲ್ಲ. ಸಿತಾರಿನ ಅಗಲ ಕುದುರೆಯ ಬಾಗಿದ ಮೈಯನ್ನು ತಂತಿ ಹೀಗೆಯೇ ಸವರಿದಾಗ ಹುಟ್ಟುವುದನ್ನು ಧಾರವಾಡದಲ್ಲಿ ‘ಜವಾರಿ’ ಎನ್ನುತ್ತಾರೆ. ತಂಬೂರಿಯಲ್ಲಿ ಅದಕ್ಕಾಗಿ ತಂತಿಯಡಿ ನೂಲಿನ ಎಳೆ ಇಡುತ್ತಾರೆ.

ಧಾರವಾಡದ ಮಾತು ಬಂದಾಗ ಸಿತಾರ್ ವಾದಕ ರಹಿಮತ್ ಖಾನ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಬೀನ್‌ಕಾರ ಬಂದೇ ಅಲಿ ಖಾನರ ಶಿಷ್ಯರಾದ ಅವರು 1912ರಲ್ಲಿ ಧಾರವಾಡಕ್ಕೆ ಬಂದು 1928ರಲ್ಲಿ ಭಾರತೀಯ ಸಂಗೀತ ವಿದ್ಯಾಲಯ ಕಟ್ಟಿದರು. ಅವರ ಮೊಮ್ಮಗ ಬಾಲೇಖಾನ್ ಆ ಶೈಲಿಯನ್ನು ನಮ್ಮ ಕಾಲದವರೆಗೆ ತಂದರು. ಸಿತಾರಿಗೂ ಮೆಟ್ಟುಗಳಿವೆ, ಪರದೆ ಎಂದು ಕರೆಯುತ್ತಾರೆ. ಆದರೂ ಒಂದೇ ಪರದೆಯ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ನಾಲ್ಕೈದು ಸ್ವರಗಳ ಮೀಂಡ್ ತೆಗೆಯಬಹುದು. ಮೈಸೂರಿನ ವೀಣೆಯಲ್ಲೂ ಮೇಣದಲ್ಲಿ ಕೂರಿಸಿದ 24 ಹಿತ್ತಾಳೆ ಮೆಟ್ಟುಗಳ ಮೇಲೆ ಗಮಕ ನುಡಿಯುವುದು ಈ ಎಳೆತದಿಂದಲೇ. ಎಳೆದರೆ ಶ್ರುತಿ ಏರುತ್ತದೆ, ಇಳಿಯುವುದಿಲ್ಲ. ಹಾಗಾದರೆ ಇಳಿಜಾರು? ಕೆಳಗಿನ ಮೆಟ್ಟಿನಲ್ಲಿ ಬೆರಳಿಟ್ಟು, ಮೊದಲೇ ಮೇಲಿನ ಸ್ವರಕ್ಕೆ ಎಳೆದಿಟ್ಟು, ಮೀಟಿ, ಮೆಲ್ಲನೆ ಬಿಡುತ್ತಾರೆ. ಎಷ್ಟು ಸರಳ, ಎಷ್ಟು ಜಾಣತನ!

ಇದೇ ಎಳೆತವನ್ನು ಬೇಸ್‌ಗೆ ತರೋಣವೆಂದರೆ ಬೆರಳು ಸೋಲುತ್ತದೆ. ಸಿತಾರಿನ ಮುಖ್ಯ ತಂತಿಯಾದ ಬಾಜ್ ಸುಮಾರು 0.3 ಮಿ.ಮೀ. ದಪ್ಪ, ಬೇಸ್‌ನ ಕೆಳಗಿನ ಇ ತಂತಿ ಸಾಮಾನ್ಯವಾಗಿ 2.6 ಮಿ.ಮೀ.ಗೂ ಮಿಗಿಲು. ತೆಳುವಾದ ಜಿ ತಂತಿಯನ್ನು ತುಸು ಬಾಗಿಸಬಹುದು, ಉಳಿದವು ಜಗ್ಗುವುದಿಲ್ಲ. ಆದ್ದರಿಂದ ಬೇಸ್ ವಾದಕರು ಬೇರೆ ದಾರಿ ಹುಡುಕಿಕೊಂಡರು.

ಮೊದಲ ಬದಲಾವಣೆ ತಂತಿಯದು. ಸಾಮಾನ್ಯವಾದ ರೌಂಡ್‌ವೂಂಡ್ ತಂತಿಯ ಮೈ ಗರಗರ, ಜಾರಿದರೆ ಕಿರ್ರೆನ್ನುತ್ತದೆ. ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್ ಅಥವಾ ಕಪ್ಪು ನೈಲಾನ್ ಹೊದಿಸಿದ ತಂತಿ ಹಾಕಿದರೆ ಬೆರಳು ನುಣ್ಣಗೆ ಸಾಗುತ್ತದೆ, ದನಿಯೂ ಮೆತ್ತಗಾಗುತ್ತದೆ. ಎರಡನೆಯದು ಬೆರಳಿಡುವ ಜಾಗ, ನಿಜವಾದ ಕೈಚಳಕ ಇಲ್ಲಿದೆ. ಮೆಟ್ಟಿನ ಹಿಂದೆ ಒತ್ತು ಎಂದು ಗುರುಗಳು ಕಲಿಸುತ್ತಾರೆ. ಇಲ್ಲಿ ಬೆರಳ ಮಾಂಸಲ ಭಾಗವನ್ನು ಸರಿಯಾಗಿ ಮೆಟ್ಟಿನ ನೆತ್ತಿಯ ಮೇಲೆಯೇ ಇಡಬೇಕು. ಆಗ ಲೋಹದ ಖಡಕ್ಕುತನ ಬೆರಳಡಿ ಮುಚ್ಚಿಹೋಗಿ ಸ್ವರ ಮಂದವಾಗಿ ಹೊರಡುತ್ತದೆ. ಬೆರಳು ಒಂದು ಕೂದಲೆಳೆ ಮುಂದೆ ಸರಿದರೂ ಸ್ವರ ಸತ್ತುಹೋಗುತ್ತದೆ; ವಾರಗಟ್ಟಲೆ ಬೆವರು ಬೇಡುವ ಅಭ್ಯಾಸ.

ಬಲಗೈಯೂ ಸ್ಥಳ ಬದಲಿಸುತ್ತದೆ. ಜಾಕೊ ನುಡಿಸುತ್ತಿದ್ದಂತೆ ಕುದುರೆಯ ಹತ್ತಿರ ಮೀಟಿ, ಅಲ್ಲಿನ ಪಿಕಪ್ ಒಂದನ್ನೇ ತೆರೆದು, ಟೋನ್ ಗುಂಡಿಯನ್ನು ಇಳಿಸಿದರೆ ಮೂಗಿನಿಂದ ಹಾಡಿದಂಥ ನಡುದನಿ ಎದ್ದು ಕಾಣುತ್ತದೆ. ಸ್ವರ ನಿಂತ ಮೇಲೆ ಬೆರಳನ್ನು ಅಡ್ಡಕ್ಕಲ್ಲ, ಪಿಟೀಲಿನವರಂತೆ ತಂತಿಯ ಉದ್ದಕ್ಕೇ ತೂಗಬೇಕು. ತಂತಿಗಳನ್ನು ತೀರ ಕೆಳಗಿಳಿಸುವ ಆತುರ ಬೇಡ. ಮೆಟ್ಟಿಗೆ ಬಡಿದು ಬರುವ ಝಣಝಣವು ‘ಮ್ವಾ’ ಅಲ್ಲ.

ಯಂತ್ರದ ನೆರವೂ ಇದೆ. ಬಾಸ್ ಕಂಪನಿಯ ಕೆಲವು ಬೇಸ್ ಎಫೆಕ್ಟ್ ಪೆಟ್ಟಿಗೆಗಳಲ್ಲಿ ‘ಡಿಫ್ರೆಟರ್’ ಎಂಬ ಸೌಲಭ್ಯವೇ ಇದೆ. ಅದು ದನಿಯ ಅಂಚನ್ನು ಮೆದುಗೊಳಿಸುತ್ತದೆ. ಆದರೆ ಸ್ವರದಿಂದ ಸ್ವರಕ್ಕೆ ಹಾರುವ ಕೈ ಪೆಟ್ಟಿಗೆಯಿದ್ದರೂ ಹಾರುತ್ತಲೇ ಇರುತ್ತದೆ. ಹಾಗೆಂದು ಮೆಟ್ಟುಗಳನ್ನು ಬಿಟ್ಟುಬಿಡುವುದೂ ಸುಲಭವಲ್ಲ: ಸ್ಲ್ಯಾಪ್ ನುಡಿಸಲು, ಸ್ವರಮೇಳ ಹಿಡಿಯಲು ಅವೇ ಅನುಕೂಲ. ಎರಡು ಗಿಟಾರು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇರುವ ಒಂದೇ ಬೇಸ್‌ನ ಮೆಟ್ಟು ಕೀಳುವ ಮುನ್ನ ಕೈಯನ್ನು ಪಳಗಿಸಿ ನೋಡುವುದು ಒಳ್ಳೆಯದು.

ಪಳಗಿಸುವುದಕ್ಕೆ ಒಂದು ಪಾಠ: ಬಿಟ್ಟ ಡಿ ತಂತಿಯನ್ನೇ ಷಡ್ಜವೆಂದು ಮೀಟಿ ತಂಬೂರಿಯಂತೆ ಮೊಳಗಲು ಬಿಡಿ. ಜಿ ತಂತಿಯ ಐದನೇ ಮೆಟ್ಟು ಕೋಮಲ ನಿಷಾದ, ಏಳನೆಯದು ಷಡ್ಜ. ಐದರ ಮೇಲೆ ಉಂಗುರದ ಬೆರಳಿಟ್ಟು ಮೀಟಿ, ಒತ್ತಡ ಹಗುರ ಮಾಡಿಕೊಂಡು, ನಡುವಿನ ಆರನೇ ಮೆಟ್ಟು ‘ಟಕ್’ ಎನ್ನದಂತೆ ಸರಕ್ಕನೆ ಏಳರ ನೆತ್ತಿಗೆ ಜಾರಿ ನಿಲ್ಲಿ. ಕೆಳಗಿನ ಡಿ ಇನ್ನೂ ಮೊಳಗುತ್ತಿರುತ್ತದೆ. ಎರಡೂ ಬೆರೆತವೋ ಇಲ್ಲವೋ ಕೇಳಿಸಿಕೊಂಡು, ಮತ್ತೆ ಐದಕ್ಕೆ ಬನ್ನಿ.