ಬೆಳ್ಳಿ ಕೂರಿಸಿದ ಕಡಿವಾಣ: ನಂಬಿದ್ದೆಷ್ಟು, ನಿಜವೆಷ್ಟು?

ಪಶ್ಚಿಮ ಅಮೆರಿಕದ ದನಗಾಹಿಗಳ ನಾಡಿನಲ್ಲಿ ಹುಟ್ಟಿದ ಕಡಿವಾಣವೊಂದನ್ನು ಮೇಜಿನ ಮೇಲಿಟ್ಟರೆ ನೋಡಿದವರ ಬಾಯಲ್ಲಿ ಎರಡು ಬಗೆಯ ಮಾತು ಬರುತ್ತದೆ. ಕುದುರೆಯ ಬಾಯಿಯ ಎರಡು ಪಕ್ಕದಲ್ಲಿ ಇಳಿಬೀಳುವ ಉಕ್ಕಿನ ತೋಳುಗಳು, ಅವುಗಳ ಮೈತುಂಬ ಬೆಳ್ಳಿಯ ಬಳ್ಳಿ, ಹೂವು, ನಕ್ಷತ್ರ. ಇದನ್ನು ಕಂಡವರು ಮೆರವಣಿಗೆಗೆಂದೇ ಮಾಡಿದ ಒಡವೆ ಎನ್ನುತ್ತಾರೆ. ತೋಳುಗಳ ನಡುವಿನ ಕಂಬಿಯನ್ನೂ ಅದರ ಮೇಲೆ ಚಮಚದಂತೆ ಎದ್ದ ತಗಡನ್ನೂ ಕಂಡವರು ಚಿತ್ರಹಿಂಸೆಯ ಸಾಧನ ಎನ್ನುತ್ತಾರೆ. ಎರಡೂ ಬರೀ ಕಣ್ಣಳತೆಯ ತೀರ್ಮಾನ. ಅದು ದಿನಬಳಕೆಯ ಹತಾರ. ಅದರ ಅಂದವೂ ಕೆಲಸವೂ ಒಂದೇ ಕೈಯಿಂದ ಹುಟ್ಟಿದಂಥವು.

ಒಡವೆಯ ಮಾತು ಮೊದಲು. 1769ರಿಂದ ಸ್ಪೇನಿನವರು ಕ್ಯಾಲಿಫೋರ್ನಿಯದಲ್ಲಿ ಮಿಷನ್‌ಗಳನ್ನು ಕಟ್ಟತೊಡಗಿದಾಗ ದನ, ಕುದುರೆಗಳ ಜೊತೆಗೆ ತಮ್ಮ ಸವಾರಿಯ ರೀತಿಯನ್ನೂ ತಂದರು. ಆ ನೆಲದಲ್ಲಿ ಬೆಳೆದ ವಾಕೆರೊ ಎಂಬ ದನಗಾಹಿ ಸವಾರರು ಬೆಳ್ಳಿಯ ಕಡಿವಾಣವನ್ನು ಹಬ್ಬಕ್ಕೆಂದು ಎತ್ತಿಡಲಿಲ್ಲ. ಹಗ್ಗ ಬೀಸಿ ದನ ಹಿಡಿಯುವ ನಿತ್ಯದ ದುಡಿಮೆಯಲ್ಲೇ ಬಳಸಿದರು. ಈ ರೂಢಿ ನೆವಾಡ, ಆರೆಗಾನ್ ಬಯಲುಗಳಿಗೂ ಹಬ್ಬಿತು. ನೆವಾಡದ ಎಲ್ಕೊ ಊರಿನಲ್ಲಿ ಕಡಿವಾಣ, ಜೀನು ಮಾಡುತ್ತಿದ್ದ ಜಿ. ಎಸ್. ಗಾರ್ಸಿಯ ಅವರ ಜೀನಿಗೆ 1904ರ ಸೇಂಟ್ ಲೂಯಿ ವಿಶ್ವಮೇಳದಲ್ಲಿ ಚಿನ್ನದ ಪದಕ ಬಂತು. ಅವರ ಗಿರಾಕಿಗಳಲ್ಲಿ ಬಹಳ ಮಂದಿ ಕೂಲಿಗೆ ದುಡಿಯುವ ಸವಾರರೇ. ಟೆಕ್ಸಸ್ ಕಡೆಯವರಿಗೆ ಸರಳವಾದ ಕಬ್ಬಿಣವೇ ಹೆಚ್ಚು ಹಿಡಿಸಿತು. ಸಿನಿಮಾಗಳಲ್ಲಿ ನಾವು ಹೆಚ್ಚಾಗಿ ಕಂಡ ಕೌಬಾಯ್ ಆ ಕಡೆಯವನು.

ಬೆಳ್ಳಿ ಎಲ್ಲಿ ಕೂರುತ್ತದೆ?

ಬೆಳ್ಳಿಯ ಕಡಿವಾಣ ಎಂದರೆ ಇಡೀ ಕಡಿವಾಣವೇ ಬೆಳ್ಳಿಯದೆಂದು ಹಲವರು ತಿಳಿದಿದ್ದಾರೆ. ಬೆಳ್ಳಿ ಮೆದು, ಕುದುರೆಯ ಬಲಕ್ಕೆ ಅದು ತಡೆಯುವುದಿಲ್ಲ. ಮೈಯೆಲ್ಲ ಉಕ್ಕು, ಬಾಯೊಳಗಿನ ಕಂಬಿಯೂ ಉಕ್ಕು. ಬೆಳ್ಳಿ ಇರುವುದು ಹೊರಗಿನ ತೋಳುಗಳ ಮೇಲೆ, ಕುದುರೆಯ ನಾಲಿಗೆಗೆ ತಾಕದ ಜಾಗದಲ್ಲಿ.

ಹಾಗಾದರೆ ಅದು ಬೆಳ್ಳಿಯ ನೀರು ಕೊಟ್ಟ ಲೇಪವೇ? ಅಲ್ಲ. ಲೇಪ ತೀರಾ ತೆಳು, ಅದರ ಮೇಲೆ ಕೆತ್ತಲು ಹೋದರೆ ಉಳಿ ನೇರ ಉಕ್ಕಿಗೇ ಇಳಿಯುತ್ತದೆ. ಒಳ್ಳೆಯ ಕೆಲಸಗಾರ ಮೊದಲು ಉಕ್ಕಿನ ಮೇಲೆ ಚಿತ್ತಾರ ಬರೆದು, ಉಳಿಯಿಂದ ಅದರ ಉದ್ದಕ್ಕೂ ತೋಡು ತೋಡುತ್ತಾನೆ. ಆ ತೋಡಿನ ಅಂಚುಗಳನ್ನು ಒಳಗಡೆಗೆ ಸೀಳಿ, ಬಾಯಿಗಿಂತ ತಳ ಅಗಲವಾಗುವಂತೆ ಮಾಡುತ್ತಾನೆ. ತಳದಲ್ಲಿ ಸಣ್ಣ ಸಣ್ಣ ಮುಳ್ಳು ಎಬ್ಬಿಸುತ್ತಾನೆ. ತೋಡಿನ ಆಳಕ್ಕಿಂತ ತುಸು ದಪ್ಪನೆಯ ಬೆಳ್ಳಿಯ ತುಂಡನ್ನು ಅದರೊಳಗಿಟ್ಟು ಸುತ್ತಿಗೆಯಿಂದ ಬಡಿದರೆ ಬೆಳ್ಳಿ ಹರಡಿ ಅಂಚಿನ ಕೆಳಗೆ ನುಗ್ಗಿ ಕಚ್ಚಿಕೊಳ್ಳುತ್ತದೆ. ಬೆಸುಗೆಯಿಲ್ಲ, ಅಂಟಿಲ್ಲ. ಮೇಲೆ ಅರ ಹಾಕಿ ಉಜ್ಜಿದರೆ ಬೆಳ್ಳಿಯೂ ಉಕ್ಕೂ ಒಂದೇ ಸಮ. ಬೆರಳಾಡಿಸಿದರೆ ಗೆರೆ ಸಿಗಬಾರದು. ಎಲೆಯ ನರ, ಹೂವಿನ ಎಸಳು ಕೆತ್ತುವುದು ಆಮೇಲಿನ ಕೆಲಸ.

ಬೀದರಿನ ಬಿದ್ರಿ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅಲ್ಲಿಯೂ ಉಳಿಯ ತೋಡಿಗೆ ಬೆಳ್ಳಿಯ ತಂತಿ, ತಗಡನ್ನು ಬಡಿದು ಕೂರಿಸುತ್ತಾರೆ. ಬಿದ್ರಿಯ ಒಡಲು ಸತು ಮತ್ತು ತಾಮ್ರದ ಮಿಶ್ರಣ, ಅದು ಕಪ್ಪಾಗುವುದು ಕೋಟೆಯ ಮಣ್ಣಿನ ಉಪಚಾರದಿಂದ. ಇಲ್ಲಿ ಒಡಲು ಉಕ್ಕು. ಅದಕ್ಕೆ ಕಂದು ಅಥವಾ ನೀಲಿಗಪ್ಪು ಬಣ್ಣ ಬರಿಸುತ್ತಾರೆ. ಎರಡು ಖಂಡಗಳ ಕೆಲಸಗಾರರು ಲೋಹದ ಒಂದೇ ಗುಣವನ್ನು ದುಡಿಸಿಕೊಂಡದ್ದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸಂತೋಷ ಕೊಡುವ ಸಂಗತಿ.

ಇನ್ನೊಂದು ವಿಧಾನದಲ್ಲಿ ಬೆಳ್ಳಿಯ ತಗಡನ್ನು ಸಣ್ಣ ಗರಗಸದಿಂದ ಆಕಾರಕ್ಕೆ ಕತ್ತರಿಸಿ ಉಕ್ಕಿನ ಮೇಲೆಯೇ ಬೆಸೆಯುತ್ತಾರೆ. ಅದು ಉಬ್ಬಿ ನಿಲ್ಲುತ್ತದೆ. ಇದು ಕಳಪೆ ಎಂಬ ಮಾತಿದೆ, ಸರಿಯಲ್ಲ. ಬೆಸುಗೆ ಅಂಚಿನವರೆಗೂ ಹರಿದಿದ್ದರೆ ತಲೆಮಾರುಗಳವರೆಗೆ ಬಾಳುತ್ತದೆ. ಆದರೆ ಜರ್ಮನ್ ಸಿಲ್ವರ್ ಎಂದು ಮಾರುವುದರಲ್ಲಿ ಬೆಳ್ಳಿ ಹುಡುಕಬೇಡಿ. ನಮ್ಮ ಮದುವೆ ಮನೆಗಳಲ್ಲಿ ಉಡುಗೊರೆಯಾಗಿ ಕೊಡುವ ಕುಂಕುಮದ ಭರಣಿಯ ಹಾಗೆಯೇ ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಸ್ಟರ್ಲಿಂಗ್ ಎಂದಿದ್ದರೆ ನೂರಕ್ಕೆ 92.5 ಭಾಗ ಬೆಳ್ಳಿ.

ಭಯ ಹುಟ್ಟಿಸುವ ಆಕಾರ

ಕಂಬಿ ಕುದುರೆಯ ಹಲ್ಲಿನ ಮೇಲೆ ಕೂರುತ್ತದೆ ಎಂಬುದು ತಪ್ಪು. ಮುಂದಿನ ಹಲ್ಲುಗಳಿಗೂ ಹಿಂದಿನ ದವಡೆ ಹಲ್ಲುಗಳಿಗೂ ನಡುವೆ ಬರೀ ಒಸಡಿರುವ ಖಾಲಿ ಜಾಗವಿದೆ. ಕಂಬಿ ಅಲ್ಲಿ, ನಾಲಿಗೆಯ ಮೇಲೆ ಕೂರುತ್ತದೆ. ಕಂಬಿಯ ನಡುವಿನ ಸಣ್ಣ ಕಮಾನು ಚುಚ್ಚಲಿಕ್ಕೆಂದು ಭಾವಿಸುವವರು ಬಹಳ. ತಗ್ಗಾದ ಕಮಾನು ನಾಲಿಗೆಗೆ ಜಾಗ ಬಿಡುತ್ತದೆ. ನೆಟ್ಟಗಿನ ಕಂಬಿಯ ಭಾರವೇ ನಾಲಿಗೆಯ ಮೇಲೆ ಹೆಚ್ಚು.

ತೋಳು ಉದ್ದವಾದಷ್ಟೂ ಕ್ರೂರ ಎಂಬ ನಂಬಿಕೆಗೆ ಒಂದು ಲೆಕ್ಕ ಸಾಕು. ಬಾಯಿಯ ಕಂಬಿಯಿಂದ ಮೇಲಕ್ಕೆ ಒಂದೂವರೆ ಇಂಚು, ಕೆಳಕ್ಕೆ ನಾಲ್ಕೂವರೆ ಇಂಚು ಇದ್ದರೆ ಲಗಾಮಿನ ಒಂದು ಕಿಲೋ ಎಳೆತ ಕುದುರೆಯ ಗದ್ದದಡಿ ಹಾಯುವ ಪಟ್ಟಿಯಲ್ಲಿ ಸುಮಾರು ಮೂರು ಕಿಲೋ ಆಗುತ್ತದೆ. ಮೇಲೆ ಎರಡು, ಕೆಳಗೆ ಆರು ಇಂಚಿದ್ದರೂ ಅದೇ ಮೂರು ಪಟ್ಟು. ನೋಡಬೇಕಾದ್ದು ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಇರುವ ಪ್ರಮಾಣವನ್ನು. ಉದ್ದದ ತೋಳು ಅಷ್ಟೇ ತಿರುಗಬೇಕಾದರೆ ಸವಾರನ ಕೈ ಹೆಚ್ಚು ದೂರ ಸರಿಯಬೇಕು. ಒತ್ತಡ ಬರುವ ಮೊದಲೇ ಕುದುರೆಗೆ ಸುಳಿವು ಸಿಗುತ್ತದೆ.

ಚಮಚದಂತೆ ತಗಡು ಎದ್ದಿರುವ ಸ್ಪೇಡ್ ಕಡಿವಾಣ ಎಲ್ಲಕ್ಕಿಂತ ಹೆಚ್ಚು ಬೈಗುಳ ತಿಂದದ್ದು. ಕ್ಯಾಲಿಫೋರ್ನಿಯದ ಪದ್ಧತಿಯಲ್ಲಿ ಇದನ್ನು ಎಳೆಯ ಕುದುರೆಗೆ ತೊಡಿಸುವುದೇ ಇಲ್ಲ. ಮೊದಲು ಕಡಿವಾಣವಿಲ್ಲದ, ಮೂಗಿನ ಮೇಲೆ ಕೂರುವ ಹೆಣೆದ ತೊಗಲಿನ ಹ್ಯಾಕಮೋರ್. ಆಮೇಲೆ ಹ್ಯಾಕಮೋರ್, ಕಡಿವಾಣ ಎರಡನ್ನೂ ಒಟ್ಟಿಗೆ ತೊಡಿಸಿ ಎರಡು ಜೊತೆ ಲಗಾಮು. ಕಡಿವಾಣವೊಂದರ ಮೇಲೆಯೇ ಸವಾರಿ ಮಾಡುವ ಹಂತಕ್ಕೆ ವರ್ಷಗಳೇ ಬೇಕು. ಅಷ್ಟು ಹೊತ್ತಿಗೆ ಲಗಾಮು ಜೋಲುಬಿಟ್ಟೇ ಇರುತ್ತದೆ, ಬೆರಳಿನ ಅಲುಗಾಟ ಸಾಕು. ಕಂಬಿಯ ನಡುವೆ ತಾಮ್ರದ ಪುಟ್ಟ ಉರುಳೆಯೊಂದಿರುತ್ತದೆ. ಕುದುರೆ ಅದನ್ನು ನಾಲಿಗೆಯಿಂದ ಉರುಳಿಸುತ್ತಾ ಕಿರಿಕಿರಿ ಸದ್ದು ಮಾಡುತ್ತಾ ನಡೆಯುತ್ತದೆ. ಹಾಗೆಂದು ಸ್ಪೇಡ್ ನಿರಪಾಯಕಾರಿ ಎನ್ನಲಾಗದು. ಕಲಿಯದ ಕೈ ಜಗ್ಗಿದರೆ ಬಾಯಿ ಗಾಯವಾಗುವುದು ಖಂಡಿತ. ಪಳಗಿಸದ ಕುದುರೆಗೆ ಇದನ್ನು ತೊಡಿಸುವುದನ್ನು ಯಾವ ನೆಪದಿಂದಲೂ ಒಪ್ಪಬಾರದು.

ಬಾಯೊಳಗಿನ ಕಂಬಿಗೆ ತುಕ್ಕು ಹಿಡಿದಿದ್ದರೆ ಅಸಡ್ಡೆ ಎನಿಸುವುದು ಸಹಜ. ಎಷ್ಟೋ ಕೆಲಸಗಾರರು ಸ್ಟೇನ್‌ಲೆಸ್ ಬಿಟ್ಟು ಬೇಕೆಂದೇ ಮೆದು ಉಕ್ಕನ್ನು ಆರಿಸುತ್ತಾರೆ. ಅದರ ಮೇಲೆ ಕೂರುವ ನವಿರಾದ ಕಂದು ತುಕ್ಕಿನ ರುಚಿಗೆ ಕುದುರೆ ಜೊಲ್ಲು ಸುರಿಸುತ್ತದೆ, ಬಾಯಿ ಒಣಗುವುದಿಲ್ಲ ಎಂಬುದು ಈ ಸವಾರರ ಅನುಭವ. ಪದರ ಏಳುವಷ್ಟು, ತಡವಿದರೆ ತರಿ ಸಿಗುವಷ್ಟು ತುಕ್ಕಾದರೆ ಮಾತ್ರ ಉಜ್ಜಿ ತೆಗೆಯಬೇಕು.

ಹಳೆಯದೆಲ್ಲ ಒಬ್ಬನೇ ಕುಳಿತು ಕೈಯಾರೆ ಮಾಡಿದ್ದು ಎಂಬ ಭ್ರಮೆ ಸಂಗ್ರಾಹಕರಲ್ಲಿದೆ. ಮೆಕ್‌ಚೆಸ್ನಿ, ಕ್ರಾಕೆಟ್, ಕೆಲ್ಲಿ ಬ್ರದರ್ಸ್ ಹೆಸರಿನವು ಹಲವು ಕೈಗಳು ದುಡಿದ ಕಾರ್ಖಾನೆಗಳಿಂದ ಬಂದವು. ಕೊಲರಾಡೊದ ಕ್ಯಾನನ್ ಸಿಟಿ ಸೆರೆಮನೆಯ ಕೈದಿಗಳೂ ಕಡಿವಾಣ ಮಾಡುತ್ತಿದ್ದರು. ಒಬ್ಬನೇ ಕುಳಿತು ಮಾಡುವ ಕಸುಬು ಈಗಲೂ ಜೀವಂತವಾಗಿದೆ; ಒಕ್ಲಹೋಮ ಸಿಟಿಯ ಕೌಬಾಯ್ ವಸ್ತುಸಂಗ್ರಹಾಲಯದಲ್ಲಿ ಇಂದಿನವರ ಕೆಲಸವನ್ನೂ ಪ್ರದರ್ಶನಕ್ಕಿಡುತ್ತಾರೆ.

ಹಳೆಯದನ್ನು ಕೊಂಡು ಬಳಸುವವರು ಬೆಳ್ಳಿಯನ್ನು ಕೊನೆಗೆ ನೋಡಲಿ. ಮೊದಲು ಕಂಬಿಯುದ್ದಕ್ಕೂ ಬೆರಳಾಡಿಸಿ ಮೊನೆ, ಬಿರುಕು ಇದೆಯೇ ನೋಡಬೇಕು. ಎರಡು ತೋಳುಗಳೂ ಒಂದೇ ಸಮ ತೂಗುತ್ತವೆಯೇ ನೋಡಬೇಕು. ಕಂಬಿಯೂ ತೋಳೂ ಕೂಡುವ ಕಡೆ ಸವೆದು ಸಂದು ಬಿಟ್ಟಿದ್ದರೆ ತುಟಿಯ ಚರ್ಮ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥದ್ದನ್ನು ಕುದುರೆಗೆ ತೊಡಿಸುವ ಮೊದಲು ಸಂದು ಮುಚ್ಚಿಸಿ, ಅರ ಹಾಕಿಸಿ ನುಣುಪು ಮಾಡಿಸಬೇಕು.